ಮಂಜಿಯ ಮೇಲಿದ್ದ ನನ್ನ ತಮ್ಮ

ನಮ್ಮ ಕಡೆ ಮುಂಗಾರು ಬಿದ್ದರೆ ಎಲ್ಲರೂ ಮನೆ ಬಿಟ್ಟು ಹೊರಗೆ ಹೊರಡುತ್ತಾರೆ. ಹೊಲಕ್ಕೆ ಹೋಗುವವರು ಹೊಲಕ್ಕೆ, ಪಾತಿ ಕಟ್ಟುವವರು ತೋಟಕ್ಕೆ. ನನ್ನ ತಮ್ಮ ಮಾತ್ರ ಮಳೆ ಬಿದ್ದ ಮೇಲೆ ಮನೆಗೆ ಬರುತ್ತಿದ್ದ. ಅವನು ಮಂಗಳೂರಿನ ಹಳೆಯ ಬಂದರಿನಲ್ಲಿ ಮಂಜಿಯ ಮೇಲೆ ಕೆಲಸಕ್ಕಿದ್ದ. ಮಂಜಿ ಎಂದರೆ ಸರಕು ಸಾಗಿಸುವ ಮರದ ಹಡಗು. ಅಕ್ಕಿ, ಹಂಚು, ಸಿಮೆಂಟು, ತರಕಾರಿ, ಒಮ್ಮೊಮ್ಮೆ ಆಡುಗಳನ್ನೂ ತುಂಬಿಕೊಂಡು ಅದು ಪಡುವಣ ಕಡಲಿನ ದ್ವೀಪಗಳಿಗೆ ಹೋಗುತ್ತಿತ್ತು. ಬರುವಾಗ ಕೊಬ್ಬರಿ ತರುತ್ತಿತ್ತು. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲ. ಹಡಗನ್ನು ದಡಕ್ಕೆ ಎಳೆದು ಮುಚ್ಚಿಟ್ಟು, ಕೆಲಸದವರು ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ಹಾಗಾಗಿ ಎಪ್ಪತ್ತರ ದಶಕದ ಕೊನೆಯ ಆ ಕೆಲವು ವರ್ಷ, ಊರಿನವರು ಮಳೆಗಾಗಿ ಮೋಡ ನೋಡಿದರೆ ನಾನು ತಮ್ಮನಿಗಾಗಿ ಮೋಡ ನೋಡುತ್ತಿದ್ದೆ.

ಅವ್ವನೂ ಈಗ ಇಲ್ಲ. ಅವಳು ಇದ್ದಷ್ಟು ದಿನ ಈ ವಿಷಯವನ್ನು ನಾವಿಬ್ಬರೂ ಮಾತಾಡದೆಯೇ ಮಾತಾಡಿಕೊಂಡ ಹಾಗೆ ಇದ್ದೆವು. ಈಗ ಮಾತಾಡದೆ ಇರುವುದಕ್ಕೂ ಜೊತೆಗೆ ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ, ಅಂದವಾಗಿ ಬರೆಯಲು ಬರುವುದಿಲ್ಲ.

ನಮ್ಮ ಊರು ಮಾಯಸಂದ್ರಕ್ಕೂ ತುರುವೇಕೆರೆಗೂ ನಡುವೆ, ರಸ್ತೆಯಿಂದ ಸ್ವಲ್ಪ ಒಳಗೆ. ದೂರದವರು ಕೇಳಿದರೆ ತಿಪಟೂರು ಎಂದೇ ಹೇಳುವುದು. ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡ. ಮನೆಯಲ್ಲಿ ಮೂವರು: ಅವ್ವ, ನಾನು, ತಮ್ಮ. ನಾನು ಮದುವೆಯಾಗಲಿಲ್ಲ, ಅದಕ್ಕೆ ಹೇಳುವಂಥ ಕಾರಣವೇನೂ ಇಲ್ಲ. ತೋಟದ ಕೆಲಸ ಒಬ್ಬನಿಗೆ ಸಾಕಷ್ಟಿತ್ತು, ಇಬ್ಬರಿಗೆ ಸಾಲುತ್ತಿರಲಿಲ್ಲ. ತಮ್ಮ ಕಾಯಿ ತುಂಬುವ ಲಾರಿಗಳ ಜೊತೆ ಓಡಾಡುತ್ತಿದ್ದ. ಒಂದು ಸಲ ಮಂಗಳೂರಿಗೆ ಲೋಡು ಹೋಯಿತು. ಲಾರಿ ವಾಪಸು ಬಂತು, ಅವನು ಬರಲಿಲ್ಲ.

ಡ್ರೈವರು ಮನೆಯ ಮುಂದೆ ಲಾರಿ ನಿಲ್ಲಿಸಿ, ಇಳಿಯದೆ ಅಲ್ಲಿಂದಲೇ ಹೇಳಿದ್ದ: "ಹಡಗು ನೋಡ್ಕಂಡ್ ಬತ್ತೀನಿ ಅಂತ ಹೋದ ಕಣ್ರೀ ನಿಮ್ ತಮ್ಮ. ಹಡಗ್ನಾಗೇ ಉಳ್ಕಂಡ. ನಾನೇನ್ ಮಾಡ್ಲಿ, ಕಟ್ಕಂಡ್ ಬರಾಕಾಯ್ತದಾ?"

ಅವ್ವನಿಗೆ ಹಡಗು ಎಂದರೆ ಕೆರೆಯಲ್ಲಿ ನೋಡಿದ ತೆಪ್ಪ. ಅವನು ಮೊದಲ ಮಳೆಗೆ ಮನೆಗೆ ಬಂದಾಗ ಅವಳು ಬಯ್ಯಲೇ ಇಲ್ಲ. ಅವನ ತೋಳು ಹಿಡಿದು ನೋಡಿ, "ತೆಪ್ಪದ ಮ್ಯಾಲೆ ಎಂಗ್ಲಾ ಮಲಗ್ತೀಯ? ಹೊರಳಿದ್ರೆ?" ಎಂದಳು.

"ಹೊರಳಾಕೆ ಜಾಗ ಇದ್ರಲ್ವಾ ಅವ್ವ" ಎಂದು ಅವನು ನಕ್ಕ.

ಆ ತಿಂಗಳುಗಳಲ್ಲಿ ಅವನು ನನ್ನ ಜೊತೆ ಅಟ್ಟದ ಮೇಲೆ ಕೂತು ಕೊಬ್ಬರಿ ಕೆಲಸ ಮಾಡುತ್ತಿದ್ದ. ನಮ್ಮಲ್ಲಿ ಕಾಯನ್ನು ಕಿತ್ತ ಮೇಲೆ ಸಿಪ್ಪೆಯ ಸಮೇತ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಇಡುತ್ತೇವೆ. ಒಳಗಿನ ನೀರು ಆರಿ, ಕೊಬ್ಬರಿ ಉಂಡೆಯಾಗಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯುವುದು. ದ್ವೀಪದಲ್ಲಿ ಹಾಗಲ್ಲವಂತೆ.

"ಎರಡು ಹೋಳು ಮಾಡಿ ಮರಳಿನ ಮ್ಯಾಲೆ ಬಿಸಿಲಿಗೆ ಹಾಕ್ತಾರೆ ಕಣಣ್ಣ. ಸ್ವಲ್ಪ ದಿನಕ್ಕೆ ಮುಗೀತು."

ಕೆಳಗಿನಿಂದ ಅವ್ವ ಕೂಗಿದಳು: "ಅದೂ ಒಂದ್ ಕೊಬ್ಬರಿಯೇನ್ಲಾ? ಗಾಣಕ್ಕೆ ಹಾಕಾಕೆ ಸರಿ."

"ಗಾಣಕ್ಕೇ ಹೋಗೋದವ್ವ."

"ಅಂಗಾದ್ರೆ ಸರಿ ಬುಡು" ಎಂದು ಅವಳು ಸಮಾಧಾನಗೊಂಡಳು. ದ್ವೀಪದ ಜನರ ಮೇಲೆ ಅವಳಿಗಿದ್ದ ಕೋಪ ಅಷ್ಟೇ.

ಹಡಗಿನ ಜನರ ಬಗ್ಗೆ ಅವನು ಹೇಳುತ್ತಿದ್ದುದನ್ನು ಕೇಳಿ ಕೇಳಿ ಅವರೆಲ್ಲ ನನಗೆ ನಮ್ಮ ಪಕ್ಕದ ತೋಟದವರಂತೆ ಆಗಿಬಿಟ್ಟಿದ್ದರು. ಹಡಗು ನಡೆಸುವವನು ತಾಂಡೇಲ. ವಯಸ್ಸಾದವನು. ಹೊಳೆ ಕಡಲಿಗೆ ಸೇರುವ ಅಳಿವೆ ದಾಟಿದ ಮೇಲೆ ದ್ವೀಪ ಕಾಣುವವರೆಗೆ ಹೆಚ್ಚು ಮಾತಿಲ್ಲ. ಬಯ್ಯುವುದೂ ಇಲ್ಲ. ಯಾರನ್ನಾದರೂ "ಮಗಾ" ಎಂದು ಕರೆದನೆಂದರೆ ಏನೋ ಅಪಾಯವಿದೆ ಎಂದು ಉಳಿದವರು ತಿಳಿಯಬೇಕು. ಎಂಜಿನ್ನಿನ ಡ್ರೈವರು ಎಂಜಿನ್ನಿನ ಪಕ್ಕದಲ್ಲೇ ಮಲಗುತ್ತಾನೆ. ಸದ್ದು ಕೇಳಿ ಕೇಳಿ ಕಿವಿ ಮಂದ. ನೆಲದ ಮೇಲೆ ಅವನು ಒಳ್ಳೆಯ ಮಾತಾಡಿದರೂ ಜಗಳಕ್ಕೆ ನಿಂತ ಹಾಗೆ ಕೇಳುತ್ತದೆ. ಅಡುಗೆಯವನಿಗೆ ಭಂಡಾರಿ ಎನ್ನುತ್ತಾರೆ, ಅವನು ಬ್ಯಾರಿ, ಆ ಕಡೆಯ ಮುಸಲ್ಮಾನ. ಸಿಹಿನೀರಿನ ಪೀಪಾಯಿ ಅವನ ಕೈಯಲ್ಲಿ ಇರುವುದರಿಂದ ತಾಂಡೇಲನಿಗಿಂತ ಅವನಿಗೇ ಎಲ್ಲರೂ ಹೆದರುವುದು. ಕುಡಿಯಲು, ಅನ್ನಕ್ಕೆ ಬಿಟ್ಟು ಒಂದು ಹನಿಯನ್ನೂ ಕೊಡುವುದಿಲ್ಲ. ಉಳಿದವರೆಲ್ಲ ಖಲಾಸಿಗಳು. ಹಗ್ಗ ಎಳೆಯುವುದು, ಹಾಯಿ ಕಟ್ಟುವುದು, ಹೊರುವುದು, ತಳದಲ್ಲಿ ಸೇರಿದ ನೀರು ಎತ್ತಿ ಚೆಲ್ಲುವುದು. ತಮ್ಮ ಖಲಾಸಿ.

"ಹಡಗಿಗೆ ಬರೋ ಜನ ನಾಕು ಥರ ಕಣಣ್ಣ" ಎಂದ ಒಂದು ದಿನ. "ಅಪ್ಪ ಇದ್ದ ಅಂತ ಬಂದೋರು. ಊಟಕ್ಕೆ ಅಂತ ಬಂದೋರು. ಮನೇಲಿ ಜಗಳ ಆಡ್ಕಂಡ್ ಬಂದೋರು. ಇನ್ನೊಂದು, ಯಾಕ್ ಬಂದ್ವಿ ಅಂತ ತಿಳೀದೋರು."

"ನೀನು ಯಾವ ಥರವೋ?"

"ನಾನಾ? ತೆಂಗಿನ ಮರದ ಮ್ಯಾಲೆ ಹತ್ತಿ ನೋಡಿದ್ರೆ ಇಲ್ಲಿ ಏನ್ ಕಾಣ್ತದೆ ಹೇಳು. ಬರೀ ತೆಂಗಿನ ಮರ."

ನನಗೆ ಆ ಮಾತು ಚುಚ್ಚಿತು. ನಾನು ಆ ಮರಗಳ ಕೆಳಗೆ ಇರುವವನು. ಅವನಿಗೂ ಗೊತ್ತಾಯಿತು ಎಂದು ಕಾಣುತ್ತದೆ. ತಾನಾಗಿ ಹೇಳಿದ: "ಅಲ್ಲೂ ಅಷ್ಟೇ ಬುಡು. ಬರೀ ನೀರು. ನಮ್ ಕೊಟ್ಟಿಗೆಯಷ್ಟು ಜಾಗದಾಗೆ ಏಳೆಂಟು ಜನ. ಸಾಯಂಕಾಲ ಆದ್ರೆ ಒಬ್ಬನೂ ಮಾತಾಡಲ್ಲ. ಒಬ್ಬ ಹಗ್ಗದ ಮ್ಯಾಲೆ, ಒಬ್ಬ ಹಿಂದಕ್ಕೆ, ಒಬ್ಬ ಮುಂದಕ್ಕೆ. ಅವರವರ ಜಾಗ ಹಿಡ್ಕಂಡು ಕೂತ್ಕಂತಾರೆ."

"ಕೂತು?"

"ಕೂತು ಏನಿಲ್ಲ. ನೀನು ಬಾವಿ ಕಟ್ಟೆ ಮ್ಯಾಲೆ ಕೂತ್ಕತೀಯಲ್ಲ, ಅಂಗೆ."

ನಾನು ಸಾಯಂಕಾಲ ಬಾವಿ ಕಟ್ಟೆಯ ಮೇಲೆ ಕೂರುವುದನ್ನು ಅವನು ಗಮನಿಸಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ.

ಶ್ರಾವಣದ ಹುಣ್ಣಿಮೆಗೆ ಆ ಕಡೆಯವರು ಕಡಲಿಗೆ ಪೂಜೆ ಮಾಡುತ್ತಾರಂತೆ. ಅದು ಹತ್ತಿರ ಬಂತೆಂದರೆ ಅವನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬಸ್ಸಿಗೆ ಹೋಗುವಾಗ ನಾನು ಚೀಲ ಹಿಡಿದು ಜೊತೆಗೆ ನಡೆಯುತ್ತಿದ್ದೆ. ಹೋಗಬೇಡ ಎಂದು ನಾನು ಹೇಳಲಿಲ್ಲ, ಬರುತ್ತೀಯಾ ಎಂದು ಅವನು ಕೇಳಲಿಲ್ಲ. ಬಸ್ಸು ಹೋದ ಮೇಲೆ ವಾಪಸು ಬರುವ ಆ ದಾರಿ, ಅಷ್ಟು ಚಿಕ್ಕದು, ಬೇರೆ ದಿನಗಳಲ್ಲಿ ನಡೆದದ್ದೇ ಗೊತ್ತಾಗುವುದಿಲ್ಲ.

ಒಂದು ವರ್ಷ ಮಳೆ ಚೆನ್ನಾಗಿ ಬಂತು. ರಾಗಿ ಬಿತ್ತಿ ಮುಗಿದಿತ್ತು. ಅವನು ಬರಲಿಲ್ಲ. ಕೊನೆಯ ಲೋಡು ತಡವಾಗಿರಬೇಕು ಎಂದುಕೊಂಡೆವು. ಅವ್ವ ದಿನಾ ಅವನ ಪಾಲಿಗೆ ಒಂದು ಮುದ್ದೆ ಹೆಚ್ಚಾಗಿ ತಿರುವಿ, ಬೆಳಗ್ಗೆ ಅದನ್ನು ತಾನೇ ಮಜ್ಜಿಗೆಯಲ್ಲಿ ಕಲಸಿಕೊಂಡು ಕುಡಿಯುತ್ತಿದ್ದಳು. ಆಮೇಲೆ ಅದೇ ಲಾರಿ ಡ್ರೈವರು ಬಂದ. ಈ ಸಲ ಇಳಿದು, ಚಪ್ಪಲಿ ಬಿಟ್ಟು, ಜಗಲಿಯ ಮೇಲೆ ಕೂತ. ಅವನು ಚಪ್ಪಲಿ ಬಿಟ್ಟಿದ್ದನ್ನು ನೋಡಿಯೇ ನನಗೆ ತಿಳಿಯಿತು.

"ಹೇಳಾಕೆ ಬಾಯಿ ಬತ್ತಿಲ್ಲ ಕಣ್ರೀ" ಎಂದ. "ದ್ವೀಪದಿಂದ ಬರೋವಾಗ ಅಲೆ ಹೊಡೀತಂತೆ. ಇವನು ಹೋಗ್ಬುಟ್ನಂತೆ. ಹುಡುಕಿದ್ರಂತೆ. ಸಿಗ್ಲಿಲ್ವಂತೆ."

ಅವ್ವ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಮೊರವನ್ನು ಕೆಳಗಿಟ್ಟಳು. ಅಳುತ್ತಾಳೆ ಎಂದುಕೊಂಡೆ. ಅವಳು ಡ್ರೈವರನ್ನು ನೋಡಿ ಕೇಳಿದ್ದು ಇಷ್ಟು: "ಕೊಳ್ಳಾಗೆ ಲಿಂಗ ಇತ್ತಂತಾ?"

ಡ್ರೈವರು ನನ್ನ ಮುಖ ನೋಡಿದ. ಅವನಿಗೇನು ಗೊತ್ತು.

ನಮ್ಮವರಲ್ಲಿ ಮಗು ಹುಟ್ಟಿದ ಮೇಲೆ ಲಿಂಗ ಕಟ್ಟುತ್ತಾರೆ. ಅದು ಕೊರಳಿನಲ್ಲಿದ್ದು, ಸತ್ತ ಮೇಲೆ ಎಡಗೈಯೊಳಗೆ ಕೂತು ಮಣ್ಣಿಗೂ ಜೊತೆಗೆ ಬರುತ್ತದೆ. ಸುಡುವುದಿಲ್ಲ. ಗುಣಿ ತೋಡಿ ಕೂರಿಸಿ ಮಣ್ಣು ಮಾಡುತ್ತೇವೆ. ಅಪ್ಪ ಹಾಗೆಯೇ ನಮ್ಮ ತೋಟದ ಮೂಲೆಯಲ್ಲಿ ಕೂತಿದ್ದಾನೆ. ಇವನಿಗೆ ಕೂರಿಸಲು ದೇಹವಿಲ್ಲ. ನೆಂಟರು ಬಂದು ಏನೇನೋ ಹೇಳಿದರು. ಅವನ ಹಳೆಯ ಅಂಗಿ ಇಟ್ಟು ಮಣ್ಣು ಮಾಡಿ ಎಂದರು ಒಬ್ಬರು. ವಾಪಸು ಬಂದರೂ ಬರಬಹುದು, ಕಾಯಿರಿ ಎಂದರು ಇನ್ನೊಬ್ಬರು. ಪೂಜೆ ಮಾಡಿಸುವ ಅಯ್ಯನವರು ಮನೆಗೆ ಬಂದು, ಏನಿದೆಯೋ ಅದರಲ್ಲೇ ಮಾಡಿ ಮುಗಿಸೋಣ ಎಂದರು. ಅವ್ವ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ನೀನು ಹೋಗಿ ಕೇಳ್ಕಂಡ್ ಬಾ" ಎಂದಳು ನನಗೆ. "ಅದೊಂದು ಕೊಳ್ಳಾಗೆ ಇದ್ರೆ ಸಾಕು ಕಣ್ಲಾ. ಒಬ್ನೇ ಹೋಗ್ಲಿಲ್ಲ ಅಂತ ತಿಳ್ಕಂತೀನಿ. ಆಮ್ಯಾಕೆ ಅಂಗಿ ಇಡ್ರಿ, ಕಲ್ಲು ಇಡ್ರಿ, ಏನಾರಾ ಮಾಡ್ರಿ."

ತಿಪಟೂರಿಗೆ ಹೋಗಿ, ಹಾಸನದಲ್ಲಿ ಬಸ್ಸು ಬದಲಾಯಿಸಿ, ಸಕಲೇಶಪುರದ ಘಾಟಿ ಇಳಿದೆ. ಮಳೆ ಹೇಗಿತ್ತೆಂದರೆ ಕಿಟಕಿಯ ಹೊರಗೆ ಏನೂ ಕಾಣಿಸಲಿಲ್ಲ. ನಾನು ಅದಕ್ಕೆ ಮುಂಚೆ ಕಡಲು ನೋಡಿರಲಿಲ್ಲ. ಬಂದರಿನಲ್ಲಿ ನಿಂತರೂ ಕಾಣಲಿಲ್ಲ. ಅಲ್ಲಿ ಕಾಣುವುದು ಹೊಳೆ. ಆಚೆ ಒಂದು ಮರಳಿನ ದಂಡೆ, ಅದರಾಚೆ ಕಡಲಿನ ಸದ್ದು. ನೋಡಲು ಹೋಗಬಹುದಿತ್ತು. ಹೋಗಲಿಲ್ಲ.

ಮಂಜಿಗಳನ್ನು ದಡದ ಮೇಲೆ ದಿಮ್ಮಿಗಳಿಗೆ ಆನಿಸಿ ನಿಲ್ಲಿಸಿದ್ದರು. ಮೇಲೆ ತೆಂಗಿನ ಗರಿ ಹೆಣೆದು ಚಪ್ಪರದ ಹಾಗೆ ಹೊದಿಸಿದ್ದರು. ಇಷ್ಟು ದೊಡ್ಡ ವಸ್ತು ನೆಲದ ಮೇಲೆ ನಿಂತರೆ ಎಷ್ಟು ಪೆದ್ದಾಗಿ ಕಾಣುತ್ತದೆ. ಕೇಳಿಕೊಂಡು ಕೇಳಿಕೊಂಡು ತಮ್ಮನಿದ್ದ ಮಂಜಿಯ ಹತ್ತಿರ ಹೋದೆ. ಅದರ ನೆರಳಿನಲ್ಲಿ ಇಬ್ಬರು ಖಲಾಸಿಗಳು ಹಲಗೆಯ ಸಂದಿಗೆ ಹತ್ತಿ ತುರುಕುತ್ತಾ ಒಬ್ಬರನ್ನೊಬ್ಬರು ಛೇಡಿಸುತ್ತಿದ್ದರು. ನನ್ನನ್ನು ನೋಡಿದ್ದೇ ಒಬ್ಬ ಎದ್ದು ನಿಂತ.

"ತಿಪಟೂರಿನವರಾ?" ಎಂದ. "ಮುಖ ಅವನದ್ದೇ ಉಂಟಲ್ಲ."

ಒಬ್ಬೊಬ್ಬರಾಗಿ ಬಂದರು. ಊರು ಹತ್ತಿರವಿದ್ದವರು ಮಳೆಗಾಲದಲ್ಲೂ ರಿಪೇರಿ ಕೆಲಸಕ್ಕೆ ಅಲ್ಲೇ ಇರುತ್ತಾರಂತೆ. ಯಾರು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಎಲ್ಲರಿಗಿಂತ ಹಿಂದೆ ನಿಂತು ಏನೂ ಮಾತಾಡದವನು ತಾಂಡೇಲ. ಬಿಳಿ ಗಡ್ಡದ, ಸೊಂಟಕ್ಕೆ ಕೆಂಪು ಬಟ್ಟೆ ಸುತ್ತಿಕೊಂಡಿದ್ದ ಮುದುಕ ಬ್ಯಾರಿ ಭಂಡಾರಿ. ಎಂಜಿನ್ನಿನ ಡ್ರೈವರಂತೂ ದೂರದಿಂದಲೇ ಕೂಗುತ್ತಾ ಬಂದ.

"ನಿಮ್ಮ ತಮ್ಮ ಭಾರೀ ಒಳ್ಳೆ ಜನ ಮಾರಾಯ್ರೆ! ನನಗೆ ಕಿವಿ ಕೇಳುದಿಲ್ಲ ಅಂತ ಅವ ಒಬ್ಬನೇ ನನಗೆ ಕೂಗಿ ಹೇಳುದಿಲ್ಲ! ಹಲಗೆಗೆ ಬಡೀತಾನೆ! ಒಂದು ಪೆಟ್ಟು ಅಂದ್ರೆ ನಿಧಾನ, ಎರಡು ಪೆಟ್ಟು ಅಂದ್ರೆ ನಿಲ್ಲಿಸು! ಈಗ ಎಲ್ರೂ ಬಡೀತಾರೆ! ನಂಗೆ ತಲೆನೋವು!"

ಇಡೀ ದಡ ತಿರುಗಿ ನೋಡಿತು. ಖಲಾಸಿಗಳಲ್ಲಿ ಒಬ್ಬ ಅವನ ತೋಳು ಹಿಡಿದು ಎಳೆದ. ಅವನಿಗೆ ಯಾಕೆಂದು ಅರ್ಥವಾಗಲಿಲ್ಲ. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ತಮ್ಮನ ವಿಷಯವನ್ನು "ಬಡೀತಾನೆ" ಎಂದು, ಇದ್ದಾನೆ ಎನ್ನುವ ಹಾಗೆ ಹೇಳಿದವನು ಆ ದಿನಗಳಲ್ಲಿ ಅವನೊಬ್ಬನೇ.

ನನ್ನನ್ನು ಒಂದು ಮರದ ತುಂಡಿನ ಮೇಲೆ ಕೂರಿಸಿ ಕರಿ ಚಹಾ ಕೊಟ್ಟರು. ಸಣ್ಣ ಖಲಾಸಿ ತಡೆಯಲಾರದೆ ಕೇಳಿದ: "ಅಣ್ಣ, ನಿಮ್ಮಲ್ಲಿ ತೆಂಗಿನಕಾಯಿಯನ್ನು ಒಂದು ವರ್ಷ ಅಟ್ಟದಲ್ಲಿ ಇಡ್ತೀರಂತೆ, ಹೌದಾ?"

"ಹೌದು" ಎಂದೆ.

"ಹೌದಂತೆ ಮಾರಾಯ!" ಎಂದು ಅವನು ಜೊತೆಗಾರನನ್ನು ತಿವಿದ. "ನಾವು ಅವನನ್ನು ಸುಳ್ಳ ಅಂತಲೇ ಕರೀತಿದ್ದೆವು. ತಿಪಟೂರು ಸುಳ್ಳ." ಹೇಳಿಯಾದ ಮೇಲೆ ಅವನ ಮುಖ ಬಾಡಿತು. ತಲೆ ತಗ್ಗಿಸಿಕೊಂಡು ಹತ್ತಿಯನ್ನು ಹೊಸೆಯತೊಡಗಿದ.

ನಡೆದದ್ದನ್ನು ತಾಂಡೇಲ ಹೇಳಿದ. ಕೊಬ್ಬರಿ ತುಂಬಿಕೊಂಡು ಬರುತ್ತಿದ್ದರು. ಅದು ಆ ಸಾಲಿನ ಕೊನೆಯ ಓಟ. ಹಗಲು ಹೊತ್ತೇ ಮೋಡ ಕಟ್ಟಿತು, ಗಾಳಿ ತಿರುಗಿತು. ತಳಕ್ಕೆ ನೀರು ಹೆಚ್ಚಾಗಿ ಬಂತು. ತಮ್ಮನೂ ಇನ್ನೊಬ್ಬ ಖಲಾಸಿಯೂ ಕೆಳಗಿಳಿದು ಬಹಳ ಹೊತ್ತು ನೀರು ಎತ್ತಿದರು. ಆಮೇಲೆ ಮೇಲೆ ಬಂದರು. ಎಲ್ಲರೂ ಹಗ್ಗ ಹಿಡಿದುಕೊಳ್ಳಿ ಎಂದು ತಾಂಡೇಲ ಕೂಗುತ್ತಿದ್ದ. ಅಲೆ ಓರೆಯಾಗಿ ಬಂತು. ಅದು ಇಳಿದಾಗ ಅವನು ನಿಂತಿದ್ದ ಕಡೆ ಯಾರೂ ಇರಲಿಲ್ಲ.

"ತಿರುಗಿಸಿದೆವು" ಎಂದ ತಾಂಡೇಲ. "ಅದೇ ಜಾಗದಲ್ಲಿ ಸುತ್ತು ಹೊಡೆದೆವು. ಕತ್ತಲಾಗುವವರೆಗೆ ಕರೆದೆವು." ಆಮೇಲೆ, "ನಾನು ಅವನನ್ನು ಮಗಾ ಅಂತ ಕರೆದೆ" ಎಂದ.

ಆ ಮಾತಿನ ಅರ್ಥ ನನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಚಹಾದ ಲೋಟವನ್ನೇ ನೋಡುತ್ತಿದ್ದೆ.

ಅವನ ಸಾಮಾನು ಏನಾದರೂ ಇದ್ದರೆ ಕೊಡಿ, ಅವ್ವ ನೋಡುತ್ತಾಳೆ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಡುವ ಮುಂಚೆ ಅಲ್ಲೇ, ಅವನು ಬಿದ್ದ ಕಡೆಯಲ್ಲೇ, ಅವನ ಚಾಪೆ, ಬಟ್ಟೆ, ಊಟದ ತಟ್ಟೆ ಎಲ್ಲವನ್ನೂ ನೀರಿಗೆ ಬಿಟ್ಟಿದ್ದರಂತೆ. ಅವರಲ್ಲಿ ಹಾಗೆ. ಕಡಲಲ್ಲಿ ಹೋದವನ ವಸ್ತು ಹಡಗಿನಲ್ಲಿ ಇರಕೂಡದು. ಇದ್ದರೆ ಅವನು ಹುಡುಕಿಕೊಂಡು ಹಡಗಿನ ಹಿಂದೆಯೇ ಬರುತ್ತಾ ಇರುತ್ತಾನೆ, ಅವನಿಗೆ ವಿಶ್ರಾಂತಿ ಇಲ್ಲ ಎಂದು ನಂಬಿಕೆ. ತಪ್ಪಾಯಿತೇ ಎನ್ನುವಂತೆ ನನ್ನನ್ನು ನೋಡಿದರು. ನಮ್ಮಲ್ಲಿ ಏನಾದರೂ ಒಂದು ಮಣ್ಣಿಗೆ ಹೋಗದಿದ್ದರೆ ವಿಶ್ರಾಂತಿ ಇಲ್ಲ, ಅವರಲ್ಲಿ ಎಲ್ಲವೂ ನೀರಿಗೆ ಹೋಗದಿದ್ದರೆ ಇಲ್ಲ.

ಕೊನೆಗೆ ಅವ್ವನ ಪ್ರಶ್ನೆಯನ್ನು ಕೇಳಿದೆ. ಅವನ ಕೊರಳಲ್ಲಿ ಒಂದು ದಾರ ಇತ್ತಲ್ಲ, ಬಟ್ಟೆಯಲ್ಲಿ ಸುತ್ತಿದ್ದು. ಅದು ಆಗ ಕೊರಳಲ್ಲಿ ಇತ್ತೇ?

ಎಲ್ಲರೂ ಭಂಡಾರಿಯ ಕಡೆ ತಿರುಗಿದರು. ಮುದುಕ ಎದ್ದು, "ಬನ್ನಿ" ಎಂದ.

ಏಣಿ ಹತ್ತಿ ಮಂಜಿಯ ಮೇಲೆ ಹೋದೆವು. ಗರಿಯ ಚಪ್ಪರದ ಕೆಳಗೆ ಮಬ್ಬು ಬೆಳಕು. ಮೀನೆಣ್ಣೆಯ, ಹಳೆಯ ಕೊಬ್ಬರಿಯ ವಾಸನೆ. ಹಿಂಭಾಗದಲ್ಲಿ ಆಳೆತ್ತರವೂ ಇಲ್ಲದ ಒಂದು ಮರದ ಗೂಡು, ಅದೇ ಅಡುಗೆಮನೆ. ಮರಳು ತುಂಬಿದ ಪೆಟ್ಟಿಗೆಯ ಮೇಲೆ ಒಲೆ. ಒಂದು ಗೋಡೆಗೆ ಬಾಣಲೆ, ಸೌಟು. ಎದುರು ಗೋಡೆಯಲ್ಲಿ ಒಂದೇ ಒಂದು ಮೊಳೆ. ಆ ಮೊಳೆಗೆ ನನ್ನ ತಮ್ಮನ ಶಿವದಾರ, ಅದರ ತುದಿಯಲ್ಲಿ ಲಿಂಗ ಸುತ್ತಿದ್ದ ಬಿಳಿ ಬಟ್ಟೆಯ ಗಂಟು. ಕೆಳಗೆ ಹಲಗೆಯ ಸಂದಿಯಲ್ಲಿ ಯಾರೋ ಊದುಬತ್ತಿ ಸಿಕ್ಕಿಸಿದ್ದರು. ಅದರ ಕಡ್ಡಿಗಳು ಉಳಿದಿದ್ದವು.

"ನಾವು ಮುಟ್ಟಲಿಲ್ಲ" ಎಂದ ಭಂಡಾರಿ. "ಬೇರೆ ಎಲ್ಲ ಬಿಟ್ಟೆವು. ಇದು ದೇವರದ್ದಲ್ವಾ. ನೀರಿಗೆ ಹಾಕ್ಲಿಕ್ಕೆ ಕೈ ಬರ್ಲಿಲ್ಲ. ನಿಮ್ಮ ಮನೆಯವರು ಯಾರಾದ್ರೂ ಬರ್ತಾರೆ ಅಂತ ಇಟ್ಟೆ."

ಇದು ಇಲ್ಲಿ ಯಾಕಿದೆ ಎಂದು ನಾನು ಕೇಳುವ ಮೊದಲೇ ಅವನೇ ಹೇಳಿದ. ತಳದ ನೀರು ಎಂದರೆ ಕೊಳೆತ ಕೊಬ್ಬರಿ, ಎಣ್ಣೆ, ಸತ್ತ ಇಲಿ, ಎಲ್ಲ ಸೇರಿದ ನೀರು. ಎದೆಯವರೆಗೂ ಮೆತ್ತಿಕೊಳ್ಳುತ್ತದೆ. ಅದಕ್ಕೆ ಇಳಿಯುವಾಗಲೆಲ್ಲ ತಮ್ಮ ಇದನ್ನು ಕೊರಳಿನಿಂದ ತೆಗೆದು ಈ ಮೊಳೆಗೆ ಹಾಕುತ್ತಿದ್ದ. ಹಡಗಿನಲ್ಲಿ ಇದ್ದುದರಲ್ಲಿ ಚೊಕ್ಕಟವಾದ ಜಾಗ ಇದೇ ಎಂದು.

"ನಾನು ಹೇಳಿದೆ, ಇಲ್ಲಿ ಮೀನು ಉಂಟಲ್ಲ ಮಾರಾಯ ಅಂತ. ಅವ ಹೇಳ್ತಾನೆ, ಮೀನು ಆ ಗೋಡೆಗೆ, ನನ್ನ ದೇವರು ಈ ಗೋಡೆಗೆ. ನೀನು ನಡುವೆ ನಿಂತು ಇಬ್ಬರನ್ನೂ ನೋಡಿಕೋ ಅಂತ." ಮುದುಕ ನಗಲು ಹೋಗಿ ನಿಲ್ಲಿಸಿದ. "ಮೇಲೆ ಬಂದ ಮೇಲೆ ಕೈ, ಎದೆ ತೊಳೆದುಕೊಂಡೇ ಹಾಕಿಕೊಳ್ಳುದು. ತೊಳೀದೆ ಮುಟ್ಟುದಿಲ್ಲ. ಆ ದಿನವೂ ಅಷ್ಟೇ. ಜೊತೆಗೆ ಇಳಿದಿದ್ದವ ಮೇಲೆ ಬಂದವನೇ ಹಗ್ಗ ಹಿಡಿದ. ಇವ ಬಾಲ್ದಿ ಹಿಡಿದು ಅಂಚಿಗೆ ಹೋದ, ನೀರು ಎತ್ತಲಿಕ್ಕೆ. ನಾನು ಇಲ್ಲೇ ನಿಂತಿದ್ದೆ. ಬಗ್ಗಿದ."

ಅವನು ಊದುಬತ್ತಿಯ ಕಡ್ಡಿಗಳನ್ನು ಒಂದೊಂದಾಗಿ ಸಂದಿಯಿಂದ ಕೀಳತೊಡಗಿದ.

ಮೊಳೆಯಿಂದ ನಾನೇ ತೆಗೆದುಕೊಂಡೆ. ದಾರ ಉಪ್ಪಿನಿಂದ ಒರಟಾಗಿತ್ತು. ಕೆಳಗಿಳಿದಾಗ ಎಲ್ಲರೂ ಎದ್ದು ನಿಂತಿದ್ದರು. ಖಲಾಸಿಗಳು ನನ್ನನ್ನು ಬಸ್ಸಿನವರೆಗೆ ಬಿಡಲು ಬಂದರು. ದಾರಿಯಲ್ಲಿ ಮಾತಿಲ್ಲ. ತಮ್ಮ ಹೇಳಿದ ಹಾಗೆಯೇ ಅವರು ಒಟ್ಟಿಗೆ ನಡೆಯುವಾಗಲೂ ಒಬ್ಬೊಬ್ಬರೇ ನಡೆಯುವ ಜನ.

ಬಸ್ಸಿನಲ್ಲಿ ಅಂಗಿಯ ಒಳಜೇಬಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ನನ್ನ ಕೊರಳಿನದು ಒಂದು, ಜೇಬಿನಲ್ಲಿ ಅವನದು ಒಂದು. ಇದನ್ನು ಕೊಟ್ಟರೆ ಅವ್ವನಿಗೆ ಮಣ್ಣು ಮಾಡಲು ಏನಾದರೂ ಒಂದು ಸಿಗುತ್ತದೆ, ಅಂಗಿಗಿಂತ ಕಲ್ಲಿಗಿಂತ ದೊಡ್ಡದು. ಆದರೆ ಕೊಟ್ಟ ಗಳಿಗೆಗೇ ಅವಳ ಪ್ರಶ್ನೆಗೆ ಉತ್ತರವೂ ಸಿಗುತ್ತದೆ: ಇರಲಿಲ್ಲ, ಒಬ್ಬನೇ ಹೋದ. ಕೊಡದೆ, ಕೊರಳಲ್ಲೇ ಇತ್ತಂತೆ ಕಣವ್ವ ಎಂದರೆ ಅವಳು ನೆಮ್ಮದಿಯಾಗಿ ಇರುತ್ತಾಳೆ. ಆಗ ಇದನ್ನು ಎಲ್ಲಿಡಲಿ? ಮನೆಯಲ್ಲಿ ಅವಳಿಗೆ ತಿಳಿಯದ ಮೂಲೆ ಇಲ್ಲ. ಬಾವಿಗೆ ಹಾಕುವಂತಿಲ್ಲ, ನಾನು ಕಟ್ಟಿಕೊಳ್ಳುವಂತಿಲ್ಲ. ಘಾಟಿ ಹತ್ತುವಾಗ ಒಂದು ತೀರ್ಮಾನ, ಹಾಸನದಲ್ಲಿ ಇನ್ನೊಂದು. ಮಾಯಸಂದ್ರದಲ್ಲಿ ಇಳಿದಾಗ ಒಂದೂ ಇರಲಿಲ್ಲ.

ಅವ್ವ ಜಗಲಿಯ ಮೇಲೆ ಕೂತಿದ್ದಳು. ನಾನು ಹೋದಾಗಿನಿಂದ ಅಲ್ಲೇ ಕೂತಿದ್ದಳೇನೋ ಎನಿಸಿತು. ಕಾಲು ತೊಳೆಯಲು ನೀರು ಕೊಡಲಿಲ್ಲ, ಊಟ ಕೇಳಲಿಲ್ಲ.

"ಇತ್ತಾ?" ಎಂದಳು.

ಇತ್ತು ಎನ್ನಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ಜೇಬಿನಿಂದ ತೆಗೆದು ಅವಳ ಕೈಯಲ್ಲಿಟ್ಟೆ.

ಅವಳು ಗಂಟು ಬಿಚ್ಚಿದಳು. ನೋಡಿದಳು. ಮತ್ತೆ ಸುತ್ತಿದಳು. ಅಷ್ಟರಲ್ಲಿ ನಾನು ಎಲ್ಲವನ್ನೂ ಹೇಳಿಬಿಟ್ಟೆ, ಕೊಳಕು ನೀರು, ಮೊಳೆ, ಬಾಲ್ದಿ, ಬಗ್ಗಿದ್ದು. ಹೇಳಬಾರದೆಂದುಕೊಂಡಿದ್ದನ್ನೂ ಹೇಳಿದೆ.

"ಕೈ ತೊಳೆಯಾಕೆ ಹೋಗಿದ್ನಾ?" ಎಂದಳು.

"ಹೂಂ ಕಣವ್ವ."

"ಇದನ್ನ ಹಾಕ್ಕಳಾಕೆ?"

"ಹೂಂ."

"ಥೂ ಮುಂಡೇದೆ" ಎಂದಳು, ಅವನು ಎದುರಿಗೇ ಇದ್ದಾನೆ ಎನ್ನುವ ಹಾಗೆ. "ಕೊಳಕು ಕೈಯಾಗೆ ಹಾಕ್ಕಂಡಿದ್ರೆ ಅದೇನ್ ಬ್ಯಾಡ ಅಂತಿತ್ತೇನ್ಲಾ?" ಆಗ ಅತ್ತಳು. ಸುದ್ದಿ ಬಂದ ಮೇಲೆ ಅವಳು ಅತ್ತಿದ್ದು ಅದೇ ಮೊದಲು. ಅಳುತ್ತಾ ಅಳುತ್ತಾ ಒಂದೇ ಮಾತನ್ನು ಹೇಳುತ್ತಿದ್ದಳು: "ಹಾಕ್ಕಳಾಕೆ ಬತ್ತಿದ್ದ. ಬತ್ತಿದ್ದ ಕಣ್ಲಾ. ಹಾಕ್ಕಳಾಕೇ ಬತ್ತಿದ್ದ."

ಅಯ್ಯನವರು ಬಂದರು. ಲಿಂಗ ಒಂದೇ ಇರುವುದರಿಂದ ಅಪ್ಪನ ಸಮಾಧಿಯ ಪಕ್ಕ ಮೊಳದಷ್ಟು ಗುಣಿ ಸಾಕು ಎಂದರು. ನೆಂಟರಿಗೂ ಅದೇ ಸರಿ ಎನಿಸಿತು.

"ಮೊಳದುದ್ದ ಇದ್ನಾ ನನ್ ಮಗ?" ಎಂದಳು ಅವ್ವ. "ಆಳುದ್ದ ಬೆಳೆದಿದ್ದ, ಬುದ್ಧಿ. ಆಳಿಗೆ ತಕ್ಕಂಗೆ ತೋಡ್ರಿ."

"ಒಳಗೆ ಕೂರಾಕೆ ಯಾರವ್ರೆ ತಾಯಿ? ಬರೀ ಗುಣಿ ಆಯ್ತದಲ್ಲ" ಎಂದರು ನೆಂಟರೊಬ್ಬರು.

"ಅವನು ಬರೋವಾಗ ಬರ್ಲಿ, ಜಾಗ ಇರ್ಲಿ."

ಅವಳ ಮಾತು ಮೀರುವವರು ಯಾರೂ ಇರಲಿಲ್ಲ. ತೆಂಗಿನ ಬೇರು ಕಡಿದು ಕಡಿದು, ಕೂತ ಮನುಷ್ಯನಿಗೆ ಬೇಕಾಗುವಷ್ಟು ಆಳ, ಅಷ್ಟೇ ಅಗಲ ತೋಡಿದರು. ಒಂದು ಬದಿಗೆ, ದೇಹವನ್ನು ಕೂರಿಸುವ ಗೂಡನ್ನೂ ಕೊರೆದರು. ಒಳಗಿಳಿದು ಲಿಂಗವನ್ನು ಇಡುವ ಕೆಲಸ ನನ್ನದು. ವಿಭೂತಿ, ಬಿಲ್ವಪತ್ರೆ ಹಿಡಿದು ಇಳಿದೆ. ಮೇಲಿನಿಂದ ಅಯ್ಯನವರು ಪೂಜೆ ಶುರು ಮಾಡಿದರು. ಸತ್ತವನ ಎಡಗೈಯಲ್ಲಿ ಲಿಂಗ ಇರಬೇಕಾದ ಹೊತ್ತು ಬಂದಾಗ ಅವರು ಸ್ವಲ್ಪ ತಡೆದರು. ಅಲ್ಲಿ ಇದ್ದುದು ನನ್ನ ಕೈ ಒಂದೇ.

"ನಿನ್ನ ಕೈಯಾಗೇ ಇಟ್ಕಳಪ್ಪ, ಮುಗಿಯೋವರ್ಗೂ" ಎಂದರು.

ಗೂಡಿನ ಮುಂದೆ ನೆಲದ ಮೇಲೆ ಕೂತು, ಎಡಗೈ ಚಾಚಿ, ಅವನದನ್ನು ಹಿಡಿದುಕೊಂಡೆ. ಕೆಳಗೆ ತಣ್ಣಗಿತ್ತು. ಹಸಿ ಮಣ್ಣಿನ ವಾಸನೆ. ಮಂತ್ರದ ಸದ್ದು ದೂರದಿಂದ ಬಂದಂತೆ ಬರುತ್ತಿತ್ತು. ತಲೆಯೆತ್ತಿದರೆ ಜನರ ಕಾಲುಗಳು, ಅವುಗಳಾಚೆ ಒಂದಿಷ್ಟು ಆಕಾಶ. ಅಷ್ಟು ಜನ ಸುತ್ತಲೂ ನಿಂತಿದ್ದರು, ಆದರೂ ಆ ಗುಣಿಯಲ್ಲಿ ಕೂತವನು ನಾನೊಬ್ಬನೇ. ಪೂಜೆ ಮುಗಿದ ಮೇಲೆ ಲಿಂಗವನ್ನು ಗೂಡಿನೊಳಗೆ ಪತ್ರೆಯ ಮೇಲೆ ಇಟ್ಟೆ, ವಿಭೂತಿ ಸುರಿದೆ. ಕೆಲಸ ಮುಗಿದಿತ್ತು. ಏಳಬೇಕಿತ್ತು. ನನಗೆ ಏಳಬೇಕೆನಿಸಲಿಲ್ಲ. ಅವನ ಪಕ್ಕದಲ್ಲಿ ಇನ್ನೂ ಸ್ವಲ್ಪ ಹೊತ್ತು ಇರೋಣ ಎನಿಸಿತು. ಮೇಲೆ ಯಾರೋ ನನ್ನನ್ನು ಕರೆದರು, ಇನ್ನಾರೋ ಹಗ್ಗ ತರಲು ಹೇಳಿದರು.

ಆಗ ಅಂಚಿನಲ್ಲಿ ಅವ್ವ ಕಂಡಳು. ಮೊಣಕಾಲೂರಿ, ಒಂದು ಕೈಯಿಂದ ಸೆರಗು ಹಿಡಿದುಕೊಂಡು, ಇನ್ನೊಂದು ಕೈಯನ್ನು ನನ್ನ ಕಡೆಗೆ ಕೆಳಗೆ ಚಾಚಿದಳು.

"ಸಾಕು ಹತ್ತಿ ಬಾ ಮಗ" ಎಂದಳು. "ಅದು ಅವನ ಜಾಗ."